ಅತ್ತೆಯ ಕೈಯಲ್ಲಿ ಕೆಂಪು ಗುಂಡಿ

ಉರಿಯುತ್ತಿರುವುದನ್ನು ಕಂಡರೆ ಆರಿಸಿಬಿಡುವುದು ಅತ್ತೆಯ ಹುಟ್ಟುಗುಣ. ಖಾಲಿ ಕೋಣೆಯ ದೀಪ, ಯಾರೂ ಇಲ್ಲದ ಕಡೆ ತಿರುಗುವ ಫ್ಯಾನು, ಇನ್ನೂ ನೀರು ಕಾಯದ ಗೀಸರು, ಅರ್ಧ ಅಂಗಿ ಬಾಕಿಯಿರುವಾಗಲೇ ಇಸ್ತ್ರಿಪೆಟ್ಟಿಗೆ, ಒಂದನ್ನೂ ಅವರು ಬಿಟ್ಟವರಲ್ಲ. ಸೊಸೆ ಒಮ್ಮೆ ಎರಡು ದಿನ ಓಡಬೇಕಾದ ಲೆಕ್ಕವೊಂದನ್ನು ಕಂಪ್ಯೂಟರಿಗೆ ಒಪ್ಪಿಸಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದರ ಸ್ವಿಚ್ಚನ್ನೂ ಆರಿಸಿ, "ಸುಮ್ಮನೆ ಉರೀತಿತ್ತು, ನೀನು ಮರೆತಿರ್ತೀಯ ಅಂತ" ಎಂದು ಉಪಕಾರ ಮಾಡಿದವರ ಮುಖ ಹೊತ್ತು ನಿಂತಿದ್ದರು. ಇಂಥವರ ಕೈಗೆ, ಬೆಟ್ಟದ ಮೇಲಿನ ದೂರದರ್ಶಕದ ಲೇಸರ್ ಆರಿಸುವ ಗುಂಡಿಯನ್ನು, ಅದೂ ಸಂಬಳ ಕೊಟ್ಟು, ಯಾರಾದರೂ ಒಪ್ಪಿಸುತ್ತಾರೆಯೇ? ಒಪ್ಪಿಸಿದರು. ಕೋತಿಗೆ ಹೆಂಡ ಕುಡಿಸಿದ ಹಾಗೆ ಎಂದು ಸೊಸೆ ಗಂಡನ ಹತ್ತಿರ ಹೇಳಿದ್ದಕ್ಕೆ ಆತ, "ಅಮ್ಮ ಅಲ್ವಾ, ಬಿಡು" ಎಂದ. ಮದುವೆಯಾದಾಗಿನಿಂದ ಆತ ಎಲ್ಲದಕ್ಕೂ ಹೇಳಿಕೊಂಡು ಬಂದಿದ್ದು ಅದೊಂದನ್ನೇ.

ಆ ಲೇಸರಿನ ಹೊಣೆ ಹೊತ್ತವಳು ಈ ಸೊಸೆಯೇ. ಬೆಟ್ಟದ ಮೇಲೆ ಎಲ್ಲರೂ ಅವಳನ್ನು ಲೇಸರಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಆ ಹೆಸರು ಹಿಡಿಸಿರಲಿಲ್ಲ. ಹಿಡಿಸಿಲ್ಲವೆಂದು ಬಾಯಿಬಿಟ್ಟು ಹೇಳಿದ್ದಕ್ಕೇ ಅದು ಗಟ್ಟಿಯಾಗಿ ಅಂಟಿಕೊಂಡಿತು. ಕೆಲಸ ಮಾಡುವಾಗ ಗೊಣಗುವುದು ಅವಳ ಅಭ್ಯಾಸ. ತಿರುಪು ಬಿಗಿಯುತ್ತಾ ತಿರುಪಿಗೆ ಬೈಯುವಳು, ತಂತಿ ಜೋಡಿಸುತ್ತಾ ತಂತಿಯ ವಂಶಕ್ಕೇ ಬೈಯುವಳು. ಪಕ್ಕದ ಕೋಣೆಯವರು ಆ ಗೊಣಗಾಟ ಕೇಳಿಯೇ, ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದುಕೊಂಡು ಚಹಾಕ್ಕೆ ಹೋಗುತ್ತಿದ್ದರು.

ಲೇಸರ್ ಯಾಕೆ ಬೇಕು ಎಂಬುದನ್ನು ಅವಳು ಅತ್ತೆಗೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂರಿಸಿಕೊಂಡು ವಿವರಿಸಿದ್ದಳು. ಆಕಾಶ ಎಷ್ಟೇ ತಿಳಿಯಾಗಿ ಕಂಡರೂ ನಮ್ಮ ತಲೆಯ ಮೇಲಿನ ಗಾಳಿ ಕಾಯುತ್ತಿರುವ ನೀರಿನ ಹಾಗೆ ಸದಾ ಅಲುಗಾಡುತ್ತಿರುತ್ತದೆ. ನಕ್ಷತ್ರ ಮಿನುಗುವುದು ಅದರಿಂದಲೇ. ಮಿನುಗು ಕಣ್ಣಿಗೆ ಚೆಂದ, ದೂರದರ್ಶಕಕ್ಕೆ ಶನಿ. ಚುಕ್ಕಿಯಾಗಿ ಬೀಳಬೇಕಾದ ಬೆಳಕು ಚಿತ್ರದಲ್ಲಿ ಎಣ್ಣೆಯ ಕಲೆಯಾಗಿ ಹರಡುತ್ತದೆ. ಅದನ್ನು ಸರಿಪಡಿಸಲು ಒಂದು ತೆಳ್ಳನೆಯ ಕನ್ನಡಿಯಿದೆ. ಗಾಳಿ ಬೆಳಕನ್ನು ಎತ್ತ ಸೊಟ್ಟ ಮಾಡುತ್ತದೋ ಅದಕ್ಕೆ ಎದುರಾಗಿ ಆ ಕನ್ನಡಿ ತನ್ನನ್ನು ಸೊಟ್ಟ ಮಾಡಿಕೊಳ್ಳುತ್ತದೆ, ಸೆಕೆಂಡಿಗೆ ನೂರಾರು ಸಲ. ಎರಡು ಸೊಟ್ಟ ಸೇರಿ ಒಂದು ನೆಟ್ಟಗೆ. ಆದರೆ ಗಾಳಿ ಎತ್ತ ಅಲುಗಿತೆಂದು ಕನ್ನಡಿಗೆ ತಿಳಿಯಬೇಕಾದರೆ ನೋಡುವ ಜಾಗದ ಪಕ್ಕದಲ್ಲೇ ಪ್ರಖರವಾದ ಒಂದು ನಕ್ಷತ್ರ ಬೇಕು. ಅದು ಎಲ್ಲ ಕಡೆ ಇರುವುದಿಲ್ಲ. ಇಲ್ಲದ ಕಡೆ ಲೇಸರ್ ಹೊಡೆದು, ತೊಂಬತ್ತು ಕಿಲೋಮೀಟರ್ ಮೇಲಿರುವ ಸೋಡಿಯಂ ಪದರವನ್ನು ಒಂದು ಚುಕ್ಕಿಯಷ್ಟು ಹೊಳೆಯಿಸಿದರೆ, ಅದೇ ನಕಲಿ ನಕ್ಷತ್ರ.

ಅತ್ತೆ ಬೀನ್ಸಿನ ನಾರು ತೆಗೆಯುತ್ತಾ ಎಲ್ಲವನ್ನೂ ಕೇಳಿ, "ಮೇಲೆ ಅಷ್ಟೊಂದು ಉರೀತಾ ಇರುವಾಗ ನೀವು ಇನ್ನೊಂದು ಹಚ್ತೀರಾ" ಎಂದರು.

ಲೇಸರಿನಿಂದ ಒಂದೇ ಅಪಾಯ. ದಾರಿಯಲ್ಲಿ ವಿಮಾನವೇನಾದರೂ ಸಿಕ್ಕಿದರೆ ಚಾಲಕನ ಕಣ್ಣು ಕುಕ್ಕುತ್ತದೆ. ವಿಮಾನ ಕಂಡರೆ ತಾನಾಗಿ ಲೇಸರ್ ಆರಿಸುವ ಕ್ಯಾಮೆರಾ ಒಂದಿತ್ತು. ಅದು ಕೆಟ್ಟು ತಿಂಗಳುಗಳಾಗಿದ್ದವು. ರಿಪೇರಿ ಮಾಡಿಸಿ ಎಂದು ಲೇಸರಮ್ಮ ನಿರ್ದೇಶಕರಿಗೆ ಹೇಳಿದಾಗಲೆಲ್ಲ ಅವರು "ನೋಡೋಣ" ಎನ್ನುತ್ತಿದ್ದರು. ಅವರು ಎಲ್ಲದಕ್ಕೂ ನೋಡೋಣ ಎನ್ನುವವರೇ, ಅದಕ್ಕೇ ಬೆನ್ನ ಹಿಂದೆ ಅವರ ಹೆಸರು ನೋಡೋಣ ಸಾರ್. ಕ್ಯಾಮೆರಾ ಇಲ್ಲದ ಮೇಲೆ ಹಳೆಯ ಕ್ರಮವೇ ಗತಿ: ತಾರಸಿಯ ಮೇಲೆ ಬೆನ್ನಿಗೆ ಬೆನ್ನು ಮಾಡಿ ಎರಡು ಮಡಿಚುವ ಕುರ್ಚಿ, ಎರಡು ಕುರ್ಚಿಗೂ ಉದ್ದ ವೈರಿನ ತುದಿಯಲ್ಲಿ ಒಂದೊಂದು ಕೆಂಪು ಗುಂಡಿ, ಆಕಾಶ ನೋಡುತ್ತಾ ಕೂರಲು ಇಬ್ಬರು ಮನುಷ್ಯರು. ಒಂದು ಕುರ್ಚಿಗೆ ಅಲ್ಲಿನ ಕಾವಲುಗಾರ ಉದ್ದಣ್ಣ ಸಿಕ್ಕಿದ. ಇನ್ನೊಂದಕ್ಕೆ ಆ ಚಳಿಯಲ್ಲಿ ಯಾರೂ ಬರಲೊಲ್ಲರು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಊರಿಗೆಲ್ಲ ದೃಷ್ಟಿಯ ಬಡಾಯಿ ಕೊಚ್ಚುತ್ತಿದ್ದ ಅತ್ತೆ, ದಾರಿಯಲ್ಲಿ ಸಿಕ್ಕ ನಿರ್ದೇಶಕರಿಗೆ ಅವರ ಅಂಗಿಯ ತೋಳಿನ ಮೇಲಿನ ಇಂಕಿನ ಚುಕ್ಕಿಯನ್ನು ರಸ್ತೆಯ ಆಚೆ ಬದಿಯಿಂದಲೇ ತೋರಿಸಿದರು. ಜೀವನದಲ್ಲಿ ಮೊದಲ ಸಲ ಅವರು ನೋಡೋಣ ಎನ್ನಲಿಲ್ಲ. ನಾಳೆಯಿಂದಲೇ ಬನ್ನಿ ಎಂದರು.

ಅತ್ತೆಗೆ ತರಬೇತಿ ಕೊಡುವ ಕೆಲಸವೂ ಲೇಸರಮ್ಮನ ತಲೆಗೇ ಬಂತು. "ಅನುಮಾನ ಬಂದ್ರೆ ಮೊದಲು ಒತ್ತಿ, ಆಮೇಲೆ ಯೋಚನೆ ಮಾಡಿ" ಎಂದು ಅವಳೇ ಹೇಳಿಕೊಟ್ಟಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳು ಆಮೇಲೆ ಏನು ಕೊಡಲೂ ತಯಾರಿದ್ದಳು.

ಯಾಕೆಂದರೆ ಲೇಸರ್ ಕೊಟ್ಟ ಸಮಿತಿಯವರ ಷರತ್ತು ಬಂದಿತ್ತು. ಲೇಸರ್ ಈ ಬೆಟ್ಟದ ಸ್ವಂತದ್ದಲ್ಲ, ಎರವಲು. ವರ್ಷಗಟ್ಟಲೆ ಒದ್ದಾಡಿ ಅವಳು ಅದನ್ನು ಕನ್ನಡಿಗೆ ಹೊಂದಿಸಿದ್ದಳು. ಈ ವಾರದೊಳಗೆ ಅರ್ಧ ಗಂಟೆ ಎಲ್ಲೂ ಕಡಿಯದೆ ಲೇಸರ್ ಓಡಬೇಕು, ಸಮಿತಿ ಗೊತ್ತುಮಾಡಿದ ಮಸುಕು ನಕ್ಷತ್ರವೊಂದರ ಚಿತ್ರ ಚುಕ್ಕಿಯಾಗಿ ಬರಬೇಕು. ಇಲ್ಲವಾದರೆ ಬಿಚ್ಚಿ ಪೆಟ್ಟಿಗೆಗೆ ತುಂಬಿ ಬೇರೆ ಬೆಟ್ಟಕ್ಕೆ ಕಳಿಸಬೇಕು. ಆ ನಕ್ಷತ್ರವೋ ಕತ್ತಲಾಗುತ್ತಿದ್ದಂತೆಯೇ ಪಡುವಣಕ್ಕೆ ಇಳಿದು ಮಾಯವಾಗುವಂಥದ್ದು. ದಿನಕ್ಕೆ ಒಂದೇ ಅವಕಾಶ.

ಮೊದಲ ಸಂಜೆ ಪಡುವಣದ ಕುರ್ಚಿಯಲ್ಲಿ ಕೂತ ಅತ್ತೆ ಶುಕ್ರಗ್ರಹ ಕಂಡು ಗುಂಡಿ ಒತ್ತಿದರು. ಕಿತ್ತಳೆ ಬಣ್ಣದ ಲೇಸರ್ ಫಕ್ಕನೆ ಆರಿತು. ಒಳಗೆ ಕಂಪ್ಯೂಟರ್ ಮುಂದಿದ್ದ ಲೇಸರಮ್ಮ ಮೆಟ್ಟಿಲು ಹತ್ತಿ ಓಡಿ ಬಂದು, "ಅತ್ತೆ, ಅದು ಶುಕ್ರ. ಹುಟ್ಟಿದಾಗಿನಿಂದ ಅಲ್ಲೇ ಇದೆ" ಎಂದಳು.

"ಅಷ್ಟು ಉರಿಯುತ್ತೆ ಅಂತ ನಂಗೇನು ಗೊತ್ತು? ಪೊರೆ ತೆಗೆಸೋ ಮುಂಚೆ ಕಾಣ್ತಾನೇ ಇರಲಿಲ್ಲ."

ಒಮ್ಮೆ ಆರಿದರೆ ಮತ್ತೆ ಹಚ್ಚಿ, ಕನ್ನಡಿಯನ್ನು ಹಿಡಿತಕ್ಕೆ ತರುವಷ್ಟರಲ್ಲಿ ನಕ್ಷತ್ರ ಮುಳುಗಿರುತ್ತದೆ. ಮರುದಿನ ಅತ್ತೆಯನ್ನು ಮೂಡಣದ ಕುರ್ಚಿಗೆ ಬದಲಾಯಿಸಿದರು. ಅಂದು ಅವರು ಬೆಟ್ಟದ ರಸ್ತೆ ಏರುತ್ತಿದ್ದ ಮೋಟರ್ ಬೈಕಿನ ದೀಪಕ್ಕೆ ಒತ್ತಿದರು. ಅದರ ಮರುದಿನ ಒಂದು ಗೂಬೆಗೆ. "ವಿಮಾನಕ್ಕೆ ರೆಕ್ಕೆ ಇರುತ್ತೆ, ಅದಕ್ಕೂ ಇತ್ತು" ಎಂದರು. ಲೇಸರಮ್ಮನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಿರಿಯರು ಹೇಳಿದ್ದು ಸುಳ್ಳು, ತನ್ನ ಪಾಲಿಗೆ ಎರಡೂ ಅತ್ತೆಯ ಕಾಲವೇ ಎನಿಸಿತು. ಮನೆಗೆ ಬಂದು ಗಂಡನಿಗೆ, "ರೀ, ನಿಮ್ಮಮ್ಮನಿಗೆ ನೀವಾದರೂ ಹೇಳ್ತೀರಾ ಇಲ್ವಾ?" ಎಂದರೆ ಆತ ತನ್ನ ಶಾಲೆಯ ಮಕ್ಕಳ ಗಣಿತದ ಉತ್ತರ ಪತ್ರಿಕೆಗಳಿಂದ ತಲೆಯೆತ್ತದೆ ಅದೇ ಮಂತ್ರ ಹೇಳಿದ. ಅವಳು ಗೀಸರ್ ಹಾಕಿ ಕಾಯುತ್ತಾ ಕೂತಳು. ನೀರು ತಣ್ಣಗೇ ಬಂತು.

ಕೊನೆಯ ಸಂಜೆ ಉದ್ದಣ್ಣ ಜ್ವರ ಬಂದು ಮಲಗಿದ. ಲೇಸರಮ್ಮ ತಾನೇ ಅವನ ಕುರ್ಚಿಗೆ ಬರುವುದೆಂದು ತೀರ್ಮಾನಿಸಿದಳು. ನಿಜ ಹೇಳಬೇಕೆಂದರೆ ಉದ್ದಣ್ಣನ ಜ್ವರ ಒಂದು ನೆಪವಷ್ಟೇ. ಅತ್ತೆಯ ಹೆಬ್ಬೆರಳನ್ನು ಕಾಯಲು ಅವಳಿಗೆ ಅಲ್ಲಿ ಕೂರಬೇಕಿತ್ತು. ಕನ್ನಡಿ ಮತ್ತು ಲೇಸರನ್ನು ಹೊಂದಿಸಿ, ಕಂಪ್ಯೂಟರನ್ನು ನಿರ್ದೇಶಕರಿಗೂ ದೂರದರ್ಶಕದ ಆಪರೇಟರಿಗೂ ಒಪ್ಪಿಸಿ, ವಾಕಿಟಾಕಿ ಹಿಡಿದು ತಾರಸಿಗೆ ಬಂದಳು. ಅತ್ತೆ ಆಗಲೇ ಸ್ವೆಟರಿನ ಮೇಲೆ ಮಗನ ಕೋಟು ಹಾಕಿಕೊಂಡು, ತಲೆಗೆ ಉಣ್ಣೆಯ ಟೋಪಿ ಎಳೆದುಕೊಂಡು, ಫ್ಲಾಸ್ಕನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಮೂಡಣಕ್ಕೆ ಮುಖ ಮಾಡಿ ಕೂತಿದ್ದರು. ಗುಂಡಿ ಅವರ ಮುಷ್ಟಿಯಲ್ಲಿತ್ತು.

"ಅತ್ತೆ, ಇವತ್ತು ಏನೇ ಕಂಡರೂ ಮೊದಲು ನನಗೆ ಹೇಳಿ. ನಾನು ನೋಡ್ತೀನಿ. ಆಮೇಲೆ ಒತ್ತಿ."

"ಅನುಮಾನ ಬಂದ್ರೆ ಮೊದಲು ಒತ್ತಿ, ಆಮೇಲೆ ಯೋಚನೆ ಮಾಡಿ ಅಂದವಳು ಯಾರು?"

"ಅದು ಅನುಮಾನ ಬಂದ್ರೆ. ನಿಮಗೆ ಬೆಳಗಾದರೂ ಅನುಮಾನ, ಸಂಜೆಯಾದರೂ ಅನುಮಾನ."

"ಹಾಗಿದ್ರೆ ಗುಂಡಿ ಯಾಕೆ ಕೊಟ್ರಿ, ಗಿಲಕಿ ಕೊಡಬೇಕಿತ್ತು" ಎಂದು ಅತ್ತೆ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡರು.

ಲೇಸರ್ ಹೊತ್ತಿತು. ದೂರದರ್ಶಕದ ಗುಮ್ಮಟದ ಬದಿಯಿಂದ ಒಂದು ತೆಳ್ಳನೆಯ ಕಿತ್ತಳೆ ಗೆರೆ ಹೊರಟು ಪಡುವಣದ ಕಡೆಗೆ ವಾಲಿ ನಿಂತಿತು. ಲೇಸರಮ್ಮ ಆ ಗೆರೆಯ ಅಕ್ಕಪಕ್ಕ ಕಣ್ಣಾಡಿಸುತ್ತಾ ತನ್ನ ಪದ್ಧತಿಯಂತೆ ಗೊಣಗಲು ಶುರು ಮಾಡಿದಳು. ಕುರ್ಚಿಯ ಕಂಬಿ ಬೆನ್ನಿಗೆ ಒತ್ತುವುದಕ್ಕೆ ಗೊಣಗಿದಳು, ಕ್ಯಾಮೆರಾ ರಿಪೇರಿ ಮಾಡಿಸದ ನೋಡೋಣ ಸಾರಿಗೆ ಗೊಣಗಿದಳು, ಸಮಿತಿಯವರು ತಾವು ಬೆಚ್ಚಗೆ ಕೂತು ಬೇರೆಯವರಿಗೆ ಅರ್ಧ ಗಂಟೆಯ ಷರತ್ತು ಹಾಕುವುದಕ್ಕೆ ಗೊಣಗಿದಳು. ಗಂಡನ ಹೆಸರೂ ಒಂದೆರಡು ಸಲ ಬಂದು ಹೋಯಿತು. ಬೆನ್ನ ಹಿಂದಿದ್ದ ಅತ್ತೆ ನಡುನಡುವೆ "ಹ್ಞೂಂ" ಎನ್ನುತ್ತಿದ್ದರು, ತಮ್ಮ ಮಗನ ವಿಷಯ ಬಂದಾಗಲೂ ಹಾಗೇ ಎಂದರು.

ವಾಕಿಟಾಕಿಯಲ್ಲಿ ಆಪರೇಟರ್, ಕನ್ನಡಿ ಚೆನ್ನಾಗಿ ಹಿಡಿದುಕೊಂಡಿದೆ ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮೇಡಂ, ಆ ಮಸುಕು ನಕ್ಷತ್ರ ಒಂದಲ್ಲ, ಎರಡು" ಎಂದ. ಅವನ ದನಿಯೇ ಬದಲಾಗಿತ್ತು. ಇಷ್ಟು ದಿನ ಒಂದೇ ಕಲೆಯಾಗಿ ಕಾಣುತ್ತಿದ್ದುದು ಈಗ ದೊಡ್ಡದೊಂದು ಚುಕ್ಕಿ, ಪಕ್ಕದಲ್ಲಿ ಸಣ್ಣದೊಂದು ಚುಕ್ಕಿ. ಲೇಸರಮ್ಮನಿಗೆ ಎದೆ ತುಂಬಿ ಬಂತು. ಆ ಖುಷಿಗೂ ಅವಳು ಗೊಣಗಿದಳು, ಇದನ್ನು ಮೊದಲ ದಿನವೇ ನೋಡಬಹುದಿತ್ತು ಎಂದು. ಅತ್ತೆ ಅದಕ್ಕೆ ಮಾತ್ರ ಹ್ಞೂಂ ಎನ್ನಲಿಲ್ಲ.

"ಇನ್ನು ಮೂರೇ ನಿಮಿಷ ಮೇಡಂ."

ಆಗ ಪಡುವಣದ ದಿಣ್ಣೆಯ ಹಿಂದಿನಿಂದ ಒಂದು ಬೆಳಕು ಎದ್ದಿತು.

ಅದು ಶುಕ್ರನಲ್ಲ, ಗೂಬೆಯಂತೂ ಅಲ್ಲವೇ ಅಲ್ಲ. ಕೆಂಪಗೆ ಮಿಟುಕುತ್ತಾ, ತಗ್ಗಿನಲ್ಲಿ, ನಿಧಾನಕ್ಕೆ ಬರುತ್ತಿದ್ದ ಪುಟ್ಟ ವಿಮಾನ. ಲೇಸರಮ್ಮನಿಗೆ ಅನುಮಾನವೇ ಇರಲಿಲ್ಲ. ಬೆರಳು ಗುಂಡಿಯ ಮೇಲೆಯೇ ಇತ್ತು. ಆದರೆ ತಲೆ ಲೆಕ್ಕ ಹಾಕತೊಡಗಿತು. ಇದು ಬಲಕ್ಕೆ ಹೊರಳಬಹುದು. ಗೆರೆಯಿಂದ ಇನ್ನೂ ಎಷ್ಟೋ ದೂರವಿದೆ. ಹೀಗೇ ಬಂದರೆ ಬದಿಯಲ್ಲಿ ಹಾದು ಹೋಗುತ್ತದೆ. ಖಚಿತವಾಗಲಿ, ಒಂದೇ ಒಂದು ಕ್ಷಣ ನೋಡುತ್ತೇನೆ. ವಿಮಾನ ಬಲಕ್ಕೆ ಹೊರಳಲಿಲ್ಲ. ಇನ್ನೊಂದು ಕ್ಷಣ ಎಂದುಕೊಂಡಳು. ಅದರ ಎಂಜಿನ್ನಿನ ಸದ್ದೂ ಕೇಳತೊಡಗಿತು. ಬೆರಳು ಮಾತ್ರ ಅಲ್ಲೇ, ಬೇರೆ ಯಾರದೋ ಬೆರಳಿನ ಹಾಗೆ, ಗುಂಡಿಯ ಮೇಲೆ ಕೂತಿತ್ತು.

ಹಿಂದಿನಿಂದ ಟಕ್ ಎಂದು ಸದ್ದಾಯಿತು. ಕಿತ್ತಳೆ ಗೆರೆ ಆರಿಹೋಯಿತು.

ವಿಮಾನ ದೀಪ ಮಿಟುಕಿಸುತ್ತಾ ಬಂದು, ಆ ಗೆರೆ ನಿಂತಿದ್ದ ಜಾಗವನ್ನೇ ಅಡ್ಡ ಹಾಯ್ದು, ಅವರ ತಲೆಯ ಮೇಲಿಂದ ಮೂಡಣಕ್ಕೆ ಹೋಯಿತು. ಒಳಗೆ ಯಾರೋ ಇಬ್ಬರು ಮೂವರು ಕೂತಿದ್ದಿರಬೇಕು. ವಾಕಿಟಾಕಿ ಕಿರುಚುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಒಳಗೆ ನಿರ್ದೇಶಕರು ಯಾರಿಗೋ ಹೇಳುತ್ತಿದ್ದುದೂ ಅದರಲ್ಲೇ ಕೇಳಿಸಿತು. ಲೇಸರಮ್ಮ ಏಳಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು, ವಾರವಿಡೀ ಬಂದ ಹಾಗೆ. ಬಂದದ್ದು ನಾಚಿಕೆ. ಅತ್ತೆ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವಳ ಕೈಗಿಟ್ಟು, ಕುರ್ಚಿ ಮಡಿಚಿದರು.

ಮರುದಿನ ಬೆಳಿಗ್ಗೆ ನಿರ್ದೇಶಕರ ಕೋಣೆಯಲ್ಲಿ ಮೂವರೂ ಕೂತರು. ಇನ್ನು ಸ್ವಲ್ಪ ಹೊತ್ತಿಗೆ ಸಮಿತಿಯವರು ಫೋನಿನಲ್ಲಿ ಬರುವವರಿದ್ದರು. ಮೇಜಿನ ಮೇಲೆ ಆ ಎರಡು ಚುಕ್ಕಿಗಳ ಚಿತ್ರವಿತ್ತು. ತಾನು ನೋಡಿಯೂ ಒತ್ತಲಿಲ್ಲ ಎಂಬುದನ್ನು ಲೇಸರಮ್ಮ ಆಗಲೇ ಹೇಳಿಬಿಟ್ಟಿದ್ದಳು. ನಿರ್ದೇಶಕರು ಅದನ್ನು ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಹಾವೂ ಸಾಯದ ಕೋಲೂ ಮುರಿಯದ ದಾರಿಯೊಂದನ್ನು ಹುಡುಕಿ ತೆಗೆದರು.

"ನೋಡಿಮ್ಮಾ, ಲೇಸರ್ ಆರಿಸಿದ್ದು ನಿಮ್ಮತ್ತೆಯವರ ಗುಂಡಿ. ಅವರು ಶುಕ್ರನಿಗೆ ಒತ್ತಿದ್ದಾರೆ, ಗೂಬೆಗೆ ಒತ್ತಿದ್ದಾರೆ, ಸಮಿತಿಯವರಿಗೂ ಅದು ಗೊತ್ತು. ನಿನ್ನೆದೂ ಅಂಥದ್ದೇ ಅಂದುಬಿಡೋಣ. ಈ ಸಲ ಚಿತ್ರ ಇಷ್ಟು ಚೆನ್ನಾಗಿ ಬಂದಿದೆ, ತಪ್ಪಿ ಒತ್ತಿದ್ದು ಅಂದ್ರೆ ಇನ್ನೊಂದು ಸಂಜೆ ಕೊಡ್ತಾರೆ. ವಿಮಾನ ಬಂದಿತ್ತು ಅಂದ್ರೆ, ಅಷ್ಟು ಹತ್ತಿರ ಬರೋವರೆಗೂ ಪಡುವಣದ ಕುರ್ಚಿಯವರು ಏನು ಮಾಡ್ತಿದ್ರು ಅಂತ ಕೇಳ್ತಾರೆ. ಯಾರಿಂದಾನೂ ದೂರು ಬಂದಿಲ್ಲ. ಆಗಬಾರದ್ದೇನೂ ಆಗಿಲ್ಲ."

ಲೇಸರಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ಕೋಣೆಯ ಮೂಲೆಯಲ್ಲಿ ಹಾಡುಹಗಲೇ ಉರಿಯುತ್ತಿದ್ದ ಮೇಜುದೀಪವನ್ನು ನೋಡುತ್ತಿದ್ದರು.

"ಹಾಗೇ ಹೇಳಿ" ಎಂದರು ಅತ್ತೆ. "ಮುದುಕಿ ಮತ್ತೆ ತಪ್ಪು ಮಾಡಿದ್ಲು ಅಂತ. ನನ್ನ ಗಂಟೇನು ಹೋಗುತ್ತೆ? ಇವಳು ಇಷ್ಟು ವರ್ಷ ಕಷ್ಟಪಟ್ಟಿದ್ದು ಉಳಿಯುತ್ತಲ್ಲ."

ಇದು ಲೇಸರಮ್ಮನಿಗೆ ತಡೆಯಲಾಗದ ಕಿರಿಕಿರಿ. ಅತ್ತೆ ಜಗಳ ಆಡಿದ್ದರೆ, ಹಂಗಿಸಿದ್ದರೆ, ನಿನಗೆ ಬುದ್ಧಿ ಕಲಿಸಿದವಳು ನಾನೇ ಎಂದು ಎದೆ ತಟ್ಟಿಕೊಂಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ವಾರವಿಡೀ ಸತಾಯಿಸಿದವರು ಈಗ ಸತಾಯಿಸದೆಯೇ ಅದಕ್ಕಿಂತ ಹೆಚ್ಚು ಸತಾಯಿಸುತ್ತಿದ್ದಾರೆ. ಮೇಜಿನ ಮೇಲಿನ ಚಿತ್ರದಲ್ಲಿ ಚುಕ್ಕಿಗಳೆರಡೂ ಅಚ್ಚುಕಟ್ಟಾಗಿ, ಒಂದಿಷ್ಟೂ ಹರಡದೆ ಕೂತಿದ್ದವು. ಹೂಂ ಎಂದರೆ ಸಾಕು, ನಾಳೆ ಸಂಜೆ ಮೂರು ನಿಮಿಷ ಹೆಚ್ಚಿಗೆ ಓಡಿಸಿ ಲೇಸರನ್ನು ಉಳಿಸಿಕೊಳ್ಳಬಹುದು.

ಫೋನು ಬಡಿದುಕೊಂಡಿತು. ನಿರ್ದೇಶಕರು ಅದನ್ನು ಸ್ಪೀಕರಿಗೆ ಹಾಕಿ, ಗಂಟಲು ಸರಿಮಾಡಿಕೊಂಡು, ಕೊನೆಯಲ್ಲಿ ಒಂದು ಸಣ್ಣ ಅಡಚಣೆಯಾಯಿತು ಎಂದು ಶುರು ಮಾಡುವಷ್ಟರಲ್ಲಿ ಲೇಸರಮ್ಮ ನಡುವೆ ಬಾಯಿ ಹಾಕಿದಳು.

"ವಿಮಾನ ಬಂದಿತ್ತು. ನಾನು ಕಾವಲಿಗೆ ಕೂತಿದ್ದ ಕಡೆಯಿಂದಾನೇ ಬಂತು. ನೋಡಿದೆ. ಒತ್ತಲಿಲ್ಲ."

ಫೋನಿನ ಆಚೆ ಬದಿಯಿಂದ ಸಮಿತಿಯ ಹಿರಿಯ ಹೆಂಗಸೊಬ್ಬರು ಕೇಳಿದರು, "ಎಷ್ಟು ಹೊತ್ತು ಒತ್ತಲಿಲ್ಲ?"

"ನಮ್ಮತ್ತೆ ಒತ್ತೋವರೆಗೆ."

"ಅವರು ಒತ್ತದೇ ಇದ್ದಿದ್ದರೆ?"

"ಗೊತ್ತಿಲ್ಲ" ಎಂದಳು ಲೇಸರಮ್ಮ. ಅದು ನಿಜವಾಗಿತ್ತು. ರಾತ್ರಿಯೆಲ್ಲ ಅವಳು ತನ್ನನ್ನೇ ಕೇಳಿಕೊಂಡಿದ್ದೂ ಅದನ್ನೇ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಇನ್ನೆಷ್ಟು ಮೇಯುತ್ತಿತ್ತು ಎಂದು ಯಾರು ಹೇಳಿಯಾರು?

ಸಮಿತಿಯವರು ತಮ್ಮತಮ್ಮಲ್ಲೇ ಬಹಳ ಹೊತ್ತು ಮಾತಾಡಿಕೊಂಡರು. ತೀರ್ಮಾನ ಹೀಗೆ ಬಂತು: ಚಿತ್ರ ಚೆನ್ನಾಗಿದೆ. ಆದರೆ ಕ್ಯಾಮೆರಾ ರಿಪೇರಿಯಾಗುವವರೆಗೆ ಈ ಬೆಟ್ಟದಲ್ಲಿ ಲೇಸರ್ ಹೊತ್ತಿಸುವ ಹಾಗಿಲ್ಲ. ಆದ ಮೇಲೆ ಇನ್ನೊಂದು ಸಂಜೆ. ವರ್ಷದ ಕೊನೆಯೊಳಗೆ ಆಗದಿದ್ದರೆ ಬಿಚ್ಚಿ ಕಳಿಸಿ. ಇನ್ನು, ಲೇಸರಿನ ಹೊಣೆಯವರು ಯಾವತ್ತೂ ಕಾವಲಿನ ಕುರ್ಚಿಯಲ್ಲಿ ಕೂರತಕ್ಕದ್ದಲ್ಲ.

"ಕ್ಯಾಮೆರಾ ರಿಪೇರಿ ಯಾವಾಗ ಮಾಡಿಸ್ತೀರಿ ಸಾರ್?" ಎಂದು ಲೇಸರಮ್ಮ ಫೋನು ಇಟ್ಟ ಕೂಡಲೇ ಕೇಳಿದಳು.

ನಿರ್ದೇಶಕರು ಬಾಯಿ ತೆರೆದರು. ಏನು ಹೇಳಲಿದ್ದಾರೆಂದು ಮೂವರಿಗೂ ಗೊತ್ತಿತ್ತು. ಅತ್ತೆ ಎದ್ದು ಹೋಗಿ ಆ ಮೇಜುದೀಪವನ್ನು ಆರಿಸಿ ಬಂದರು.

ಬೆಟ್ಟದ ಬುಡದಲ್ಲಿದ್ದ ಮನೆಗೆ ಅತ್ತೆ ಸೊಸೆ ಇಬ್ಬರೂ ನಡೆದೇ ಇಳಿದರು. ಬಿಸಿಲು ಚುರುಕಾಗಿತ್ತು. ತಿರುವಿನಲ್ಲಿ ಹಿಂತಿರುಗಿದಾಗ, ಗುಮ್ಮಟದ ಬದಿಯಲ್ಲಿ ಲೇಸರಿಗೆ ಯಾರೋ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಿದ್ದುದು ಕಾಣಿಸಿತು. ಲೇಸರಮ್ಮನ ಕಣ್ಣು ಒದ್ದೆಯಾಯಿತು. ಅವಳು ಆ ಕಡೆ ಮತ್ತೆ ನೋಡದೆ, ರಾತ್ರಿಯಿಂದ ಕೊರೆಯುತ್ತಿದ್ದುದನ್ನು ಕೇಳಿದಳು.

"ಅತ್ತೆ, ನೀವು ಮೂಡಣಕ್ಕೆ ತಿರುಗಿ ಕೂತಿದ್ರಿ. ನನ್ನ ಕಡೆಯ ವಿಮಾನ ನಿಮಗೆ ಹೇಗೆ ಕಾಣಿಸ್ತು?"

"ನಾನೆಲ್ಲಿ ನೋಡ್ದೆ? ಒತ್ತಿದ ಮೇಲೆ ತಲೆ ಮೇಲೆ ಬಂದಾಗಲೇ ನೋಡಿದ್ದು."

"ಮತ್ತೆ ಒತ್ತಿದ್ದು ಯಾಕೆ?"

ಅತ್ತೆ ನಿಂತು, ಉಸಿರು ತೆಗೆದುಕೊಂಡು, ಇದೂ ಹೇಳಿಕೊಡಬೇಕೇ ಎಂಬಂತೆ ಅವಳ ಮುಖ ನೋಡಿದರು.

"ಅಷ್ಟು ಹೊತ್ತು ಒಂದೇ ಸಮನೆ ಗೊಣಗ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಸುಮ್ಮನಾದೆ. ಇಷ್ಟು ವರ್ಷ ಒಂದೇ ಮನೇಲಿದ್ದೀನಿ ಕಣೇ, ನೀನು ಸುಮ್ಮನಾದ್ರೆ ಏನೋ ಕೆಟ್ಟದ್ದು ಆಗ್ತಿದೆ ಅಂತಲೇ ಅರ್ಥ. ಅನುಮಾನ ಬಂತು, ಒತ್ತಿದೆ."

ಉಳಿದ ದಾರಿಯುದ್ದಕ್ಕೂ ಲೇಸರಮ್ಮ ಒಂದು ಮಾತೂ ಆಡಲಿಲ್ಲ. ಅತ್ತೆ ಪಕ್ಕದಲ್ಲಿ ನಡೆಯುತ್ತಾ ಎರಡು ಮೂರು ಸಲ ಕಳ್ಳನೋಟದಿಂದ ಅವಳನ್ನು ನೋಡಿದರು.

ಮನೆಯ ಬಾಗಿಲು ತೆಗೆದರೆ, ಬೆಳಿಗ್ಗೆ ಅವಳು ಚಾರ್ಜಿಗೆ ಹಾಕಿ ಹೋಗಿದ್ದ ಲ್ಯಾಪ್‌ಟಾಪಿನ ವೈರು ಸುತ್ತಿ ಕಪಾಟಿನ ಮೇಲಿತ್ತು. ಇಂಟರ್ನೆಟ್ಟಿನ ಪೆಟ್ಟಿಗೆಯ ದೀಪ ಆರಿತ್ತು. ಫ್ರಿಜ್ಜು ಕೂಡ ಯಾಕೋ ಸದ್ದು ಮಾಡುತ್ತಿರಲಿಲ್ಲ.

"ಅತ್ತೆ" ಎಂದಳು ಲೇಸರಮ್ಮ. ಅವಳ ದನಿ ಏರಿತು. "ಫ್ರಿಜ್ಜನ್ನಾದರೂ ಬಿಡಬಾರದಾ? ಹಾಲು ಒಡೆದಿರುತ್ತೆ. ಆ ಪೆಟ್ಟಿಗೆ ಮತ್ತೆ ಶುರುವಾಗೋಕೆ ಅರ್ಧ ದಿನ ಬೇಕು. ಎಷ್ಟು ಸಲ ಹೇಳೋದು, ಯಾರಿಗೆ ಹೇಳೋದು, ಗೋಡೆಗೆ ಹೇಳಿದ ಹಾಗೆ, ನಿಮ್ಮ ಮಗನಿಗೆ ಹೇಳಿದ್ರೆ ಅವರು ಒಂದು ನಮೂನೆ..." ಅವಳು ಗೊಣಗುತ್ತಲೇ ಒಂದೊಂದು ಸ್ವಿಚ್ಚನ್ನೂ ಹಾಕುತ್ತಾ ಅಡುಗೆಮನೆಯ ಕಡೆ ಹೋದಳು.

ಅತ್ತೆ ಹೊಸ್ತಿಲ ಬಳಿ ನಿಂತು ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ನೆಮ್ಮದಿಯಾಗಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಹ್ಞೂಂ" ಎಂದರು.